ಡೋಣಿ ದೋಣಿಯಾದ ಬಗೆ: ಕನ್ನಡ ಟೈಪಿಸುವ ದಾರಿಗಳ ಒಂದು ಹೋಲಿಕೆ

ನಮ್ಮ ತಂದೆಯವರು ಬರೆದಿಟ್ಟ ಒಕ್ಕಲುತನದ ಲೆಕ್ಕದ ಪುಸ್ತಕಗಳು ಒಟ್ಟು ಏಳು. 1972ರ ಬರಗಾಲದ ವರ್ಷದಿಂದ ಆರಂಭವಾಗುವ ಅವುಗಳಲ್ಲಿ ಬಿತ್ತಿದ ಬೀಜ, ಕೊಟ್ಟ ಕೂಲಿ, ತಂದ ಸಾಲಗಳ ನಡುನಡುವೆ ಮಳೆಯ ಬಗ್ಗೆ, ಎತ್ತುಗಳ ಬಗ್ಗೆ, ಓಣಿಯ ಜಗಳಗಳ ಬಗ್ಗೆ ನಾಲ್ಕಾರು ಸಾಲಿನ ಟಿಪ್ಪಣಿಗಳಿವೆ, ಮತ್ತು ಅವೆಲ್ಲವೂ ವಿಜಯಪುರ ಸೀಮೆಯ ಆಡುಮಾತಿನಲ್ಲಿಯೇ ಇವೆ. ಕಾಗದ ಹಳದಿಯಾಗಿ ಅಂಚಿನಲ್ಲಿ ಉದುರತೊಡಗಿದ ಮೇಲೆ ಇವನ್ನು ಕಂಪ್ಯೂಟರಿಗೆ ಏರಿಸಬೇಕೆಂದು ನಿರ್ಧರಿಸಿದೆ. ಪುಟಗಳ ಚಿತ್ರ ತೆಗೆದಿಟ್ಟರೆ ಸಾಲದೇ ಎಂದು ಮನೆಯವರು ಕೇಳಿದರು. ಚಿತ್ರದಲ್ಲಿ ಪದವನ್ನು ಹುಡುಕಲು ಬರುವುದಿಲ್ಲ, ನನಗೆ ಹುಡುಕುವುದು ಬೇಕಿತ್ತು.

ಯಾವ ವಿಧಾನದಲ್ಲಿ ಟೈಪಿಸುವುದು ಎಂಬ ಪ್ರಶ್ನೆಗೆ ಕೇಳಿದವರೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದರಿಂದ, ಹಿಂಗಾರಿ ಬಿತ್ತನೆಯ ಕುರಿತಾದ ಒಂದೇ ಪುಟವನ್ನು ಆಯ್ದುಕೊಂಡು ಅದನ್ನು ನಾಲ್ಕು ವಿಧಾನಗಳಲ್ಲಿ ನಾನೇ ಟೈಪಿಸಿ ನೋಡಿದೆ. ಪ್ರತಿಯೊಂದಕ್ಕೂ ಮೊದಲು ಎರಡು ವಾರ ಅಭ್ಯಾಸ ಮಾಡಿಕೊಂಡೆ, ಏಕೆಂದರೆ ಮೊದಲ ದಿನದ ತೊಡಕನ್ನು ಹಿಡಿದು ಯಾವ ಕೀಲಿಮಣೆಯನ್ನೂ ಅಳೆಯುವುದು ನ್ಯಾಯವಲ್ಲ. ಆ ಪುಟದಲ್ಲಿ ಸುಮಾರು 180 ಪದಗಳಿದ್ದವು. ಅದರ ನಡುವೆ ನಮ್ಮ ಭಾಗದವರು ಕೇಳಿಯೇ ಇರುವ ಒಂದು ಮಾತನ್ನು ತಂದೆಯವರು ಬರೆದಿದ್ದರು: 'ಡೋಣಿ ಬೆಳೆದರ ಓಣೆಲ್ಲ ಜೋಳ.' ಡೋಣಿ ಎಂದರೆ ತಾಳಿಕೋಟೆಯ ಬಳಿ ಹರಿಯುವ, ಎರೆಮಣ್ಣಿನ ದಂಡೆಗಳುಳ್ಳ ನಮ್ಮ ನದಿ. ಮುಂದಿನ ಹೋಲಿಕೆಯಲ್ಲಿ ಈ ಒಂದು ಪದವೇ ನನಗೆ ಒರೆಗಲ್ಲಾಯಿತು.

ಮೊದಲು ಕೈಗೆತ್ತಿಕೊಂಡದ್ದು ಮೊಬೈಲಿನಲ್ಲಿ ಬಹುತೇಕ ಎಲ್ಲರೂ ಬಳಸುವ ಲಿಪ್ಯಂತರ ವಿಧಾನವನ್ನು, ಅಂದರೆ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್ ಅದಕ್ಕೆ ಹೊಂದುವ ಕನ್ನಡ ಪದಗಳನ್ನು ಮೇಲಿನ ಸಾಲಿನಲ್ಲಿ ಸೂಚಿಸುವ ಕ್ರಮವನ್ನು. ಕಲಿಯಲು ಇದರಲ್ಲಿ ಏನೂ ಇಲ್ಲ. ವೇಗವೂ ಇದೆ, ಪುಟ 11 ನಿಮಿಷದಲ್ಲಿ ಮುಗಿಯಿತು. ಆದರೆ ಓದಿ ನೋಡಿದಾಗ ತಿದ್ದುಪಡಿಗೆ ಮತ್ತೆ ಒಂಬತ್ತು ನಿಮಿಷ ಬೇಕಾಯಿತು. ಕನ್ನಡದ ದ ಮತ್ತು ಡ, ನ ಮತ್ತು ಣ, ಲ ಮತ್ತು ಳ ಈ ಜೋಡಿಗಳಿಗೆಲ್ಲ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರವಿರುವುದರಿಂದ ಬರೆಯುವವನ ಮನಸ್ಸಿನಲ್ಲಿರುವುದು ಯಾವುದೆಂದು ಯಂತ್ರ ಊಹಿಸಬೇಕಾಗುತ್ತದೆ, ಮತ್ತು ಅದು ಊಹಿಸುವುದು ಹೆಚ್ಚು ಜನ ಬರೆದಿರುವ ಪದವನ್ನು. ಹೀಗಾಗಿ ನಮ್ಮ ಡೋಣಿ ನದಿ ನೀರಿನ ಮೇಲೆ ತೇಲುವ ದೋಣಿಯಾಯಿತು. ಬಿತ್ತುವ ಕೂರಿಗಿ 'ಕುರಿಗೆ' ಆಯಿತು. ಎರಿ ಹೊಲ 'ಏರಿ ಹೊಲ'ವಾಯಿತು. ಇವು ಕಣ್ಣಿಗೆ ಬೀಳುವ ತಪ್ಪುಗಳು, ತಿದ್ದಬಹುದು. ಕಣ್ಣಿಗೆ ಬೀಳದ ತಪ್ಪುಗಳೇ ನನ್ನನ್ನು ಹೆಚ್ಚು ಕಾಡಿದ್ದು: ತಂದೆಯವರು 'ಮಳಿ ಬರೂದಿಲ್ಲ' ಎಂದು ಬರೆದಲ್ಲಿ ಸೂಚನೆಯ ಸಾಲಿನಲ್ಲಿ ಮುಂಚೂಣಿಯಲ್ಲಿದ್ದ 'ಮಳೆ ಬರುವುದಿಲ್ಲ' ಎಂಬುದನ್ನೇ ನನ್ನ ಹೆಬ್ಬೆರಳು ಒತ್ತಿಬಿಟ್ಟಿತ್ತು. ಅದು ಶುದ್ಧ ಕನ್ನಡ, ಅರ್ಥವೂ ಅದೇ, ಆದ್ದರಿಂದ ಎರಡು ಸಲ ಓದಿದರೂ ಅದು ತಪ್ಪೆಂದು ನನಗೆ ಹೊಳೆಯಲಿಲ್ಲ. ಮೂಲದ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿದಾಗ ಮಾತ್ರ ಸಿಕ್ಕಿಬಿತ್ತು.

ಒಂದು ಮಾತನ್ನು ಇದರ ಪರವಾಗಿ ಹೇಳಬೇಕು. ಹಟ ಹಿಡಿದು ಬರೆದರೆ ಅದು ಕಲಿಯುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಕೂರಿಗಿ, ಹಗೇವು, ಐತಿ ಮುಂತಾದವು ನನ್ನ ಫೋನಿನಲ್ಲಿ ತಾವಾಗಿಯೇ ಮೇಲೆ ಬರತೊಡಗಿದ್ದವು. ಆದರೆ ಆ ಕಲಿಕೆ ಆ ಒಂದು ಫೋನಿನದ್ದು. ಮಗಳ ಫೋನಿನಲ್ಲಿ ಮುಂದುವರಿಸಿದಾಗ ಎಲ್ಲವೂ ಮೊದಲಿನಿಂದ ಆರಂಭವಾಯಿತು. (ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಬಿಡುವ ಮತ್ತೊಂದು ದಾರಿಯೂ ಇದೆ, ನನ್ನ ತಂಗಿಯ ಮಕ್ಕಳೆಲ್ಲ ಅದನ್ನೇ ಬಳಸುತ್ತಾರೆ, ಅದನ್ನು ನಾನು ಪರೀಕ್ಷೆಗೆ ಸೇರಿಸಿಕೊಳ್ಳಲಿಲ್ಲ.)

ಎರಡನೆಯದು ಧ್ವನಿ. ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡವನ್ನು ಸೇರಿಸಿದ್ದು 2017ರಲ್ಲಿ, ಮತ್ತು ಅಂದಿನಿಂದ ಅದು ಸುಧಾರಿಸಿದೆ ಎಂಬುದರಲ್ಲಿ ಸಂದೇಹವಿಲ್ಲ. ದಿನಪತ್ರಿಕೆಯ ಒಂದು ಪ್ಯಾರಾವನ್ನು ಓದಿ ನೋಡಿದೆ, ಬಹುತೇಕ ಸರಿಯಾಗಿ ಬಂತು. ಪೂರ್ಣವಿರಾಮಗಳನ್ನು ಮಾತ್ರ ನಾನೇ ಹಾಕಬೇಕಾಯಿತು. ಅದೇ ಉತ್ಸಾಹದಲ್ಲಿ ತಂದೆಯವರ ಪುಟವನ್ನು ಓದಿದೆ. ಮೂರು ನಿಮಿಷದಲ್ಲಿ ಓದು ಮುಗಿಯಿತು, ತಿದ್ದಲು 17 ನಿಮಿಷ ಹಿಡಿಯಿತು. 'ಎತ್ತ ನೀರ ಕುಡ್ಯಾಕ ಒಲ್ಲೆ ಅಂತಾವ' ಎಂಬ ವಾಕ್ಯ ಏನಾಯಿತೆಂದು ಇಲ್ಲಿ ಬರೆಯುವುದು ಬೇಡ. 'ಮಾಡಾಕತ್ಯಾನ' ಎಂಬ ಒಂದು ಕ್ರಿಯಾಪದ ಪ್ರತಿ ಸಲವೂ ಬೇರೆ ಬೇರೆ ಮೂರು ಪದಗಳಾಗಿ ಒಡೆಯಿತು. ನಡುವೆ ಬಂದ ಕೆಲವು ಪದಗಳು ಇಂಗ್ಲಿಷ್ ಲಿಪಿಗೆ ಹಾರಿದವು.

ಆದರೂ ವೇಗದ ಆಸೆಗೆ ಬಿದ್ದು ಇದನ್ನು ನಾನು ಬೇಗ ಬಿಡಲಿಲ್ಲ. ಎರಡನೆಯ ವಾರದ ಕೊನೆಗೆ ತಪ್ಪುಗಳು ಗಮನಾರ್ಹವಾಗಿ ಕಡಿಮೆಯಾದವು, ಮತ್ತು ಯಂತ್ರಕ್ಕೆ ನಮ್ಮ ಮಾತು ತಿಳಿಯತೊಡಗಿತೆಂದು ನಾನು ಸಂತೋಷಪಟ್ಟೆ. ಪಕ್ಕದ ಕೋಣೆಯಲ್ಲಿದ್ದ ಅಕ್ಕ ಬಂದು, 'ಯಾಕೋ, ಟೀವಿಯವರಂಗ ಓದಾಕತ್ತೀಯಲ್ಲ?' ಎಂದು ಕೇಳಿದಾಗಲೇ ನಡೆದದ್ದು ಏನೆಂದು ನನಗೆ ತಿಳಿದದ್ದು. ಯಂತ್ರ ಕಲಿತಿರಲಿಲ್ಲ, ನಾನು ಬದಲಾಗಿದ್ದೆ. ಅದಕ್ಕೆ ತಿಳಿಯಲೆಂದು 'ಬೆಳೆದರ' ಎಂಬುದನ್ನು 'ಬೆಳೆದರೆ' ಎಂದೂ, 'ಹೋಗ್ಯಾನ' ಎಂಬುದನ್ನು 'ಹೋಗಿದ್ದಾನೆ' ಎಂದೂ, ಗೊತ್ತಿಲ್ಲದೆಯೇ, ಅಪ್ಪನ ಮಾತನ್ನು ವಾರ್ತಾವಾಚಕರ ಧಾಟಿಗೆ ಎಳೆದು ತಂದು ಓದುತ್ತಿದ್ದೆ. ಲಿಪ್ಯಂತರದಲ್ಲಿ ಯಂತ್ರ ನನ್ನ ಬರಹವನ್ನು ತಿದ್ದಿದರೆ ಇಲ್ಲಿ ನನ್ನ ನಾಲಗೆಯನ್ನೇ ತಿದ್ದಿತ್ತು. ಅಂದೇ ಆ ವಿಧಾನವನ್ನು ಈ ಕೆಲಸದ ಮಟ್ಟಿಗೆ ಕೈಬಿಟ್ಟೆ. ಹೊಲದಲ್ಲಿ ಸಿಗ್ನಲ್ ಇಲ್ಲದಾಗ ಅದು ನಮ್ಮಲ್ಲಿ ಕೆಲಸವನ್ನೇ ಮಾಡಲಿಲ್ಲ ಎಂಬುದು ಅದರ ಮುಂದೆ ಸಣ್ಣ ಕಾರಣ.

ಉಳಿದ ಎರಡೂ ಊಹೆ ಮಾಡದ ವಿಧಾನಗಳು: ಒತ್ತಿದ ಕೀಲಿಗೆ ಒಂದು ಅಕ್ಷರ, ಅಷ್ಟೆ. ಒಂದು, ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಮಾನ್ಯ ಮಾಡಿದ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ನಮ್ಮ ಕಚೇರಿಗಳನ್ನೆಲ್ಲ ಹೊಕ್ಕಿರುವ ವಿನ್ಯಾಸ. ಇನ್ನೊಂದು, ಭಾರತದ ಲಿಪಿಗಳಿಗೆಲ್ಲ ಸಾಮಾನ್ಯವಾಗಿರಲೆಂದು ಕೇಂದ್ರ ಸರ್ಕಾರದ ಕಡೆಯಿಂದ ಬಂದ, ವಿಂಡೋಸ್‌ನಲ್ಲಿ ಏನನ್ನೂ ಹಾಕಿಕೊಳ್ಳದೆ ಸಿಗುವ ಇನ್‌ಸ್ಕ್ರಿಪ್ಟ್.

ಇನ್‌ಸ್ಕ್ರಿಪ್ಟಿನ ತರ್ಕ ಬಹಳ ಸುಂದರವಾದದ್ದು. ಸ್ವರಗಳು ಬಹುತೇಕ ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ. ಆದರೆ ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರಕ್ಕೂ ಬರುವ ಕನ್ನಡ ಅಕ್ಷರಕ್ಕೂ ಕ ಒಂದನ್ನು ಬಿಟ್ಟರೆ ಸಂಬಂಧ ಕಾಣಿಸುವುದು ಅಪರೂಪ: ಎಚ್ ಒತ್ತಿದರೆ ಪ, ಜೆ ಒತ್ತಿದರೆ ರ, ಚ ಬೇಕಾದರೆ ಅರ್ಧವಿರಾಮದ ಕೀಲಿ, ಡ ಬೇಕಾದರೆ ಚೌಕ ಕಂಸದ ಕೀಲಿ. ಮೂವತ್ತು ವರ್ಷ ಇಂಗ್ಲಿಷ್ ಕೀಲಿಮಣೆಗೆ ಒಗ್ಗಿದ ನನ್ನ ಬೆರಳುಗಳು ಇದನ್ನು ಒಪ್ಪಲಿಲ್ಲ. ಎರಡು ವಾರದ ನಂತರವೂ ಪುಟಕ್ಕೆ 26 ನಿಮಿಷ ಬೇಕಾಯಿತು. ಇದೇ ಕಾರಣಕ್ಕೆ ಇದನ್ನು ತಳ್ಳಿಹಾಕುವವನಿದ್ದೆ, ಅಷ್ಟರಲ್ಲಿ ಬೆಳಗಾವಿಯಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಕೆಲಸ ಮಾಡುವ ಗೆಳೆಯನ ಅಂಗಡಿಗೆ ಹೋಗುವ ಪ್ರಸಂಗ ಬಂತು. ಅವನ ಮುಂದೆ ಒಂದೇ ಪತ್ರಿಕೆಯ ಎರಡು ಮಗ್ಗುಲುಗಳಿದ್ದವು, ಒಂದು ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಅವನು ಭಾಷೆಯನ್ನು ಬದಲಿಸಿದನೇ ಹೊರತು ಬೆರಳುಗಳ ಓಟವನ್ನು ಬದಲಿಸಲಿಲ್ಲ, ಏಕೆಂದರೆ ಕನ್ನಡದ ಕ ಇರುವ ಕೀಲಿಯಲ್ಲೇ ದೇವನಾಗರಿಯ ಕ ಇದೆ, ಪ ಇರುವಲ್ಲೇ ಪ ಇದೆ. ಎರಡೂ ಭಾಷೆಗಳಲ್ಲಿ ಬದುಕು ಸಾಗಿಸುವ ಬೆಳಗಾವಿಯ ಗಲ್ಲಿಗಳಲ್ಲಿ ಇದಕ್ಕಿಂತ ಉಪಯುಕ್ತವಾದ ಕೀಲಿಮಣೆ ಇನ್ನೊಂದಿರಲಾರದು. ನನಗೆ ಮರಾಠಿ ಟೈಪಿಸುವ ಅಗತ್ಯವಿಲ್ಲ ಎಂಬುದು ಇನ್‌ಸ್ಕ್ರಿಪ್ಟಿನ ದೋಷವಲ್ಲ.

ನುಡಿಯ ವಿನ್ಯಾಸ ನನ್ನಂಥವನಿಗೆ ಹೇಳಿ ಮಾಡಿಸಿದಂತಿದೆ. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡ ಕುಳಿತಿದೆ, ಮತ್ತು ಹೆಚ್ಚಿನವು ಉಚ್ಚಾರಕ್ಕೆ ಹೊಂದುವ ಜಾಗದಲ್ಲೇ ಇವೆ. ಹೊಂದದವುಗಳನ್ನು ನೆನಪಿಟ್ಟುಕೊಳ್ಳಬೇಕು: ಟ ಎಂಬುದು ಕ್ಯೂ ಕೀಲಿಯಲ್ಲಿ, ಡ ಡಬ್ಲ್ಯುನಲ್ಲಿ, ಷ ಎಕ್ಸ್‌ನಲ್ಲಿ. ಒತ್ತಕ್ಷರಕ್ಕೆ ಎಫ್ ಕೀಲಿಯೇ ಕೊಂಡಿ. 'ಲಕ್ಷ್ಮಿ' ಎಂದು ಬರೆಯುವಾಗ ಅದನ್ನು ಎರಡು ಸಲ ಒತ್ತಬೇಕು. ಮೊದಲ ಮೂರು ದಿನ ಎಫ್ ಮರೆತು ಅಕ್ಷರಗಳನ್ನು ಬಿಡಿಬಿಡಿಯಾಗಿ ಹರಡಿದೆ, ನಾಲ್ಕನೆಯ ದಿನದಿಂದ ಎಡಗೈಯ ತೋರುಬೆರಳಿಗೆ ತಾನೇ ತಿಳಿಯತೊಡಗಿತು. ಎರಡು ವಾರದ ಕೊನೆಗೆ ಪುಟ 14 ನಿಮಿಷದಲ್ಲಿ ಮುಗಿಯಿತು, ತಿದ್ದಲು ಎರಡು ನಿಮಿಷ. ಡೋಣಿಯ ಡ ಮತ್ತು ದೋಣಿಯ ದ ಇಲ್ಲಿ ಬೇರೆ ಬೇರೆ ಬೆರಳಿನ ಕೆಲಸ. ಒಂದು ಇನ್ನೊಂದಾಗಲು ದಾರಿಯೇ ಇಲ್ಲ. 'ಬರೂದಿಲ್ಲ' ಎಂದು ಒತ್ತಿದರೆ 'ಬರೂದಿಲ್ಲ' ಎಂದೇ ಮೂಡುತ್ತದೆ, ಯಾರೂ ಮೇಲಿನಿಂದ ಇಣುಕಿ ಬೇರೆಯದನ್ನು ಸೂಚಿಸುವುದಿಲ್ಲ. ತಪ್ಪು ಮಾಡಿದರೆ ಅದು ನನ್ನ ತಪ್ಪು, ಆದ್ದರಿಂದ ಅದು ತಪ್ಪಿನಂತೆಯೇ ಕಾಣುತ್ತದೆ. ಶುದ್ಧ ಕನ್ನಡದ ವೇಷ ಹಾಕಿಕೊಂಡು ಬರುವುದಿಲ್ಲ.

ನುಡಿಯ ಬಗ್ಗೆ ದೂರೂ ಒಂದಿದೆ, ಅದು ವಿನ್ಯಾಸದ್ದಲ್ಲ, ಹಳೆಯ ಫಾಂಟುಗಳದ್ದು. ಮೊದಲ ಪುಸ್ತಕದ ಅರ್ಧಭಾಗವನ್ನು ಒಂದು ಮುದ್ರಣಾಲಯಕ್ಕೆ ತೋರಿಸಿದಾಗ, ಅವರು ಯುನಿಕೋಡ್ (ಎಲ್ಲ ಸಾಧನಗಳಲ್ಲೂ ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ಸಾರ್ವತ್ರಿಕ ಸಂಕೇತ ಕ್ರಮ) ಕಡತ ನಡೆಯುವುದಿಲ್ಲ, ಹಳೆಯ ಆಸ್ಕಿ ಫಾಂಟಿನಲ್ಲೇ ಕೊಡಿ ಎಂದರು. ಕೊಟ್ಟೆ. ಅವರು ತಿದ್ದಿ ಮರಳಿಸಿದ ಕಡತವನ್ನು ವಾಟ್ಸ್ಆ್ಯಪ್‌ಗೆ ಅಂಟಿಸಿದಾಗ ಕನ್ನಡದ ಜಾಗದಲ್ಲಿ ಯುರೋಪಿನ ಕೊಂಬು-ಬಾಲದ ಅಕ್ಷರಗಳ ಸಂತೆ ನೆರೆದಿತ್ತು, ಏಕೆಂದರೆ ಆ ಫಾಂಟುಗಳಲ್ಲಿ ಕನ್ನಡ ಇರುವುದು ತೋರಿಕೆಗೆ ಮಾತ್ರ, ಒಳಗೆ ಸಂಗ್ರಹವಾಗಿರುವುದು ಬೇರೆಯೇ ಸಂಕೇತ. ಪರಿವರ್ತಕದಲ್ಲಿ ಹಾಕಿ ಮತ್ತೆ ಯುನಿಕೋಡಿಗೆ ತಂದರೆ ಅರ್ಕಾವೊತ್ತುಗಳು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಜಿಗಿದಿದ್ದವು. ಹುಡುಕಲೆಂದೇ ಟೈಪಿಸುತ್ತಿರುವವನಿಗೆ ಇದು ಪುಟದ ಚಿತ್ರಕ್ಕಿಂತ ಕಡೆ. ಆದ್ದರಿಂದ ನುಡಿಯನ್ನು ಆಯ್ದುಕೊಳ್ಳುವವರು ಅದರ ಯುನಿಕೋಡ್ ಆಯ್ಕೆಯನ್ನು ಮೊದಲ ದಿನವೇ ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು. ಮುದ್ರಣಾಲಯವನ್ನು ಬದಲಿಸುವುದು ಎರಡನೆಯ ಕೆಲಸ.

ಹೊರಗಿನಿಂದ ಬಂದ ಐದನೆಯ ಸ್ಪರ್ಧಿಯನ್ನೂ ಹೇಳಬೇಕು. ಎಪ್ಪತ್ತರ ಹತ್ತಿರದ ನಮ್ಮ ಅಕ್ಕ ಇವೆಲ್ಲವನ್ನೂ ನೋಡುತ್ತ ಕುಳಿತಿದ್ದವಳು, ಫೋನಿನ ತೆರೆಯ ಮೇಲೆ ಬೆರಳಿನಿಂದ ಬರೆಯುವ ಸೌಲಭ್ಯವನ್ನು ಮಗಳಿಂದ ಕೇಳಿ ಹಾಕಿಸಿಕೊಂಡು, ಸ್ಲೇಟಿನ ಮೇಲೆ ಬರೆದಂತೆ ಒಂದೊಂದೇ ಪದ ಬರೆಯತೊಡಗಿದಳು. ನಿಧಾನ, ಹೌದು, ನಾನು ಗಡಿಯಾರ ಹಿಡಿಯಲಿಲ್ಲ. ಅವಳ ಡೋಣಿ ಮೊದಲ ಸಲಕ್ಕೇ ಡೋಣಿಯಾಗಿ ಬಂತು.

ಈಗ ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕಗಳಿಗೆ ನುಡಿಯ ವಿನ್ಯಾಸ, ಬಂಧುಗಳಿಗೆ ಕಳಿಸುವ ಸಂದೇಶಗಳಿಗೆ ಲಿಪ್ಯಂತರ, ಅಕ್ಕನಿಗೆ ಅವಳ ಬೆರಳು ಎಂಬ ವ್ಯವಸ್ಥೆ ನಡೆದಿದೆ. ಮೂರನೆಯ ಪುಸ್ತಕದಲ್ಲಿದ್ದೇನೆ. ಅಲ್ಲೊಂದು ಹೊಸ ತೊಡಕು ಎದುರಾಗಿದೆ: ತಂದೆಯವರು ಕಾಲು, ಅರ್ಧ, ಮುಕ್ಕಾಲುಗಳನ್ನು ಹಳೆಯ ಲೆಕ್ಕದ ಪದ್ಧತಿಯಂತೆ ಅಂಕಿಯ ಪಕ್ಕದಲ್ಲಿ ಒಂದು, ಎರಡು, ಮೂರು ನಿಂತ ಗೆರೆಗಳಾಗಿ ಬರೆದಿದ್ದಾರೆ. ಯುನಿಕೋಡಿನಲ್ಲಿ ಈ ಭಿನ್ನರಾಶಿಯ ಗುರುತುಗಳಿಗೆ ಸ್ಥಾನವಿದೆ, ಆದರೆ ನಾನು ಪರೀಕ್ಷಿಸಿದ ಯಾವ ಕೀಲಿಮಣೆಯಲ್ಲೂ ಅವುಗಳಿಗೆ ಕೀಲಿ ಕಾಣಿಸಲಿಲ್ಲ. ಸದ್ಯಕ್ಕೆ ಪೂರ್ಣವಿರಾಮದ ದಂಡವನ್ನೇ ಬಳಸಿ '೬॥ ಚೀಲ ಜೋಳ' ಎಂದು ಬರೆದು, ಪಕ್ಕದಲ್ಲಿ ಆರೂವರೆ ಎಂದು ಅಕ್ಷರದಲ್ಲಿ ಸೇರಿಸುತ್ತಿದ್ದೇನೆ.