ಮಳೆ ಬರುವ ದಿನವೇ ಹೋಗಿ: ವ್ಯಾಂಕೂವರ್‌ನ ಚೀನೀ ತೋಟ

ಮಗಳ ಬಾಣಂತನ, ಮೊಮ್ಮಗನ ಹುಟ್ಟುಹಬ್ಬ ಅಂತ ಶಿರಸಿ ಕಡೆಯಿಂದ ಕೆನಡಾಕ್ಕೆ ಹೋಗಿಬರುವವರು ಈಗ ಜಾಸ್ತಿ. ನಿಮ್ಮಲ್ಲಿ ಯಾರಾದರೂ ವ್ಯಾಂಕೂವರ್‌ಗೆ ಹೊರಟಿದ್ದರೆ, ಅಲ್ಲಿನ ಚೈನಾಟೌನ್‌ನಲ್ಲಿ ಚೀನಾದ ನಾಯಕ ಡಾ. ಸನ್ ಯಾತ್ ಸೆನ್ ಹೆಸರಿನಲ್ಲಿರುವ ತೋಟಕ್ಕೆ ಹೋಗಿ. ಅದೂ ಮಳೆ ಇರುವ ದಿನ ನೋಡಿಕೊಂಡು ಹೋಗಿ.

ನಾನು ಎರಡು ಸಲ ಹೋದೆ. ಮೊದಲ ಸಲ ಟೂರಿನ ಬಸ್ಸಿನಲ್ಲಿ. ಅವರು ಕೊಟ್ಟಿದ್ದು ಅರ್ಧ ಗಂಟೆ. ನಾಲ್ಕು ಫೋಟೋ ತೆಗೆಯುವಷ್ಟರಲ್ಲಿ ಬಸ್ಸು ಹತ್ತಿ ಅಂತ ಕರೆದರು. ಸಂಕಟ ಆಯಿತು. ಮುಂದಿನ ವಾರ ಅಳಿಯನಿಗೆ ರಜೆ ಇದ್ದ ದಿನ ಮತ್ತೆ ಹೋದೆವು. ನವೆಂಬರ್ ತಿಂಗಳು, ಬೆಳಗಿನಿಂದ ಜಿಟಿಜಿಟಿ ಮಳೆ. ಇವತ್ತು ಬೇಡ ಅತ್ತೆ, ಇನ್ನೊಂದು ದಿನ ಹೋಗೋಣ ಅಂದ. ನಾನು ಒಪ್ಪಲಿಲ್ಲ. ಒಪ್ಪದೇ ಇದ್ದದ್ದೇ ಒಳ್ಳೆಯದಾಯಿತು.

ಒಳಗೆ ಹೋದ ಕೂಡಲೇ ಮಾಡಿನ ಅಂಚು ನೋಡಿ. ಹಂಚಿನ ಪ್ರತಿ ಸಾಲಿನ ಕೊನೆಗೆ ಕೆಳಗೆ ಬಾಗಿದ ಒಂದು ನಾಲಿಗೆ ಇದೆ, ತುದಿ ಚೂಪಾಗಿ. ಆ ಸಾಲಿನ ನೀರೆಲ್ಲ ಅದೇ ತುದಿಗೆ ಬಂದು ಬೀಳಬೇಕು. ಮಳೆ ಸಣ್ಣದಿದ್ದಾಗ ಒಂದೊಂದೇ ಹನಿ. ಸ್ವಲ್ಪ ಜೋರಾದರೆ ಹನಿ ಹೋಗಿ ದಾರ. ಒಂದರ ಪಕ್ಕ ಒಂದು ದಾರ, ಸಮ ಅಂತರದಲ್ಲಿ, ಮಣಿ ಪೋಣಿಸಿ ಇಳಿಬಿಟ್ಟ ಪರದೆಯ ಹಾಗೆ. ಅದರ ಆಚೆಗೆ ಕೊಳ, ಬಂಡೆ, ಬಿದಿರು. ನಮ್ಮ ಮನೆಯ ಮಾಡಿನ ನೀರು ಬಿದ್ದು ಬಿದ್ದು ಅಂಗಳದ ಅಂಚಿನಲ್ಲಿ ಸಾಲು ಗುಂಡಿ ಆಗುತ್ತದಲ್ಲ, ಆ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ನೀರು ಹೇಗೆ ಬೀಳಬೇಕು ಅಂತ ಕೂತು ಯೋಚಿಸಿ ಹಂಚು ಸುಟ್ಟವರನ್ನು ಇಲ್ಲೇ ಕಂಡದ್ದು. ಅಳಿಯನಿಗೆ ಚಳಿ ಆಗುತ್ತಿತ್ತು. ನಾನು ಮಾತ್ರ ಅಲ್ಲೇ ಜಗಲಿಯಲ್ಲಿ ಸುಮ್ನೆ ಕೂತಿದ್ದೆ.

ಈ ತೋಟ ಶುರುವಾಗಿದ್ದು 1986ರಲ್ಲಿ. ಚೀನಾದಲ್ಲಿ ಮಿಂಗ್ ಅರಸರ ಕಾಲದಲ್ಲಿ (14ರಿಂದ 17ನೇ ಶತಮಾನ) ಓದು ಬರಹದವರು ಮನೆಗೆ ಹೊಂದಿಸಿ ಮಾಡಿಕೊಳ್ಳುತ್ತಿದ್ದ ತೋಟದ ಕ್ರಮ. ಕಟ್ಟಲು ಚೀನಾದ ಸುಝೌ ಊರಿನಿಂದಲೇ ಐವತ್ತಕ್ಕೂ ಹೆಚ್ಚು ಕುಶಲಕರ್ಮಿಗಳು ಬಂದಿದ್ದರು. ಸುಝೌ ಅಂದರೆ ಇಂಥ ತೋಟಗಳ ತವರು. ಅಲ್ಲಿನ ಹಳೆಯ ತೋಟಗಳು 1997ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಮರಗೆಲಸದಲ್ಲಿ ಮೊಳೆ ಇಲ್ಲ, ಸ್ಕ್ರೂ ಇಲ್ಲ, ಅಂಟೂ ಇಲ್ಲ. ಕಚ್ಚು ತೆಗೆದು ಒಂದರೊಳಗೆ ಒಂದು ಕೂರಿಸಿದ್ದಾರೆ. ಕಂಬ ತೊಲೆಗೆ ಸೇರುವ ಕಡೆ ನಾನು ಬೆರಳಿನ ಉಗುರು ಇಟ್ಟು ನೋಡಿದೆ. ಉಗುರು ಹೋಗಲಿಲ್ಲ.

ಗೋಡೆಗಳಲ್ಲಿ ಕಿಟಕಿಗಳಿವೆ. ಕದ ಇಲ್ಲ, ಗಾಜಿಲ್ಲ, ಬರೀ ಜಾಲರಿ. ಒಂದರ ಚಿತ್ತಾರ ಇನ್ನೊಂದರದ್ದಲ್ಲ. ಚೀನೀ ಭಾಷೆಯಲ್ಲಿ ಇದಕ್ಕೆ ಸೋರುವ ಕಿಟಕಿ ಅನ್ನುತ್ತಾರಂತೆ. ನಮಗೆ ಮಲೆನಾಡಿನವರಿಗೆ ಸೋರುವುದು ಅಂದರೆ ತಲೆಬಿಸಿ, ಅಲ್ವಾ? ಇಲ್ಲಿ ಸೋರುವುದು ನೋಟ. ಓಣಿಯಲ್ಲಿ ನಡೆಯುತ್ತಾ ಹೋದರೆ ಆಚೆಯ ತೋಟ ತುಂಡು ತುಂಡಾಗಿ ಸಿಗುತ್ತದೆ. ಒಂದು ಕಿಟಕಿಯಲ್ಲಿ ಬಿದಿರಿನ ಎಲೆ, ಇನ್ನೊಂದರಲ್ಲಿ ಬಂಡೆಯ ಮೂಲೆ. ಓಣಿಯೂ ನೆಟ್ಟಗಿಲ್ಲ. ತಿರುಗಿದಲ್ಲೆಲ್ಲ ಹೊಸದೇನೋ ಇರುತ್ತದೆ. ಹೊರಗಿನದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಕಲೆಯ ಒಂದು ಪಾಠ. ಅದಕ್ಕೆ ಅವರು ಹೇಳುವುದು ಕಡ ತಂದ ನೋಟ ಅಂತ. ಆದರೆ ಗೋಡೆಯ ಮೇಲೆ ಪೇಟೆಯ ಎತ್ತರದ ಕಟ್ಟಡಗಳೂ ಇಣುಕುತ್ತವೆ. ಆ ಕಡ ನನಗೆ ಬೇಕಿರಲಿಲ್ಲ.

ಇನ್ನು ಕಲ್ಲುಗಳು. ಸುಝೌ ಹತ್ತಿರದ ತಾಯ್ ಹೂ ಸರೋವರದ ಸುಣ್ಣಕಲ್ಲು, ನೀರು ತಿಂದು ತೂತು ಬಿದ್ದದ್ದು. ತೆಳ್ಳಗಿರಬೇಕು, ಸುಕ್ಕಿರಬೇಕು, ತೂತಿರಬೇಕು. ಅಂಥ ಕಲ್ಲಿಗೇ ಅವರಲ್ಲಿ ಬೆಲೆ. ಟೂರಿನಲ್ಲಿ ಬಂದಿದ್ದವರೊಬ್ಬರು ಇದೇನು ಕುರೂಪ ಕಲ್ಲು ಅಂದಿದ್ದರು. ಯಾಣ ನೋಡಿದವರು ಹಾಗೆ ಅನ್ನುವುದಿಲ್ಲ. ನಮ್ಮ ಯಾಣದ ಬಂಡೆಯೂ ಸುಣ್ಣಕಲ್ಲೇ, ಅದನ್ನೂ ನೀರೇ ಕೊರೆದದ್ದು. ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಅಂಥದ್ದೊಂದು ಬೆಟ್ಟವನ್ನು ಆಳೆತ್ತರಕ್ಕೆ ಇಳಿಸಿ ಅಂಗಳದಲ್ಲಿ ಇಟ್ಟುಕೊಂಡರೆ ಹೇಗಿರುತ್ತದೋ ಹಾಗೆ. ನನಗೆ ಊರು ಕಂಡ ಹಾಗಾಗಿ ಕಣ್ಣು ತುಂಬಿ ಬಂತು.

ಕೊಳದ ನೀರು ಹಸಿರು, ತಳ ಕಾಣುವುದಿಲ್ಲ. ಕೊಳಕು ಅಂದುಕೊಳ್ಳಬೇಡಿ. ಮಾಡು, ಆಕಾಶ ಎಲ್ಲ ಅದರಲ್ಲಿ ಮೂಡಲಿ ಅಂತಲೇ ಹಾಗೆ ಇಟ್ಟಿದ್ದಾರೆ. ಅಂಗಳಕ್ಕೆ ಹೊಳೆಗಲ್ಲು, ಒಡೆದ ಹಂಚಿನ ಚೂರು ನಿಲ್ಲಿಸಿ ಚಿತ್ತಾರ ಮಾಡಿದ್ದಾರೆ. ಮಳೆಗೆ ಅದರ ಬಣ್ಣ ಏಳುತ್ತದೆ.

ಇದು ಲಾಲ್‌ಬಾಗ್ ಅಲ್ಲ. ಹೂವಿನ ಹಾಸು ಹುಡುಕಿಕೊಂಡು ಹೋಗಬೇಡಿ. ಜಾಗ ಸಣ್ಣದು, ಸುಮ್ನೆ ಸುತ್ತಿದರೆ ಇಪ್ಪತ್ತು ನಿಮಿಷಕ್ಕೆ ಮುಗಿದೇ ಹೋಗುತ್ತದೆ. ಎರಡು ಗಂಟೆ ಇಟ್ಟುಕೊಳ್ಳಿ. ಸ್ವೆಟರ್ ಇರಲಿ. ಪಕ್ಕದಲ್ಲೇ ಅದೇ ಹೆಸರಿನ ಪಾರ್ಕ್ ಇದೆ, ಅದಕ್ಕೆ ಟಿಕೆಟ್ ಇಲ್ಲ. ಆದರೆ ನಾನು ಹೇಳಿದ ಮರಗೆಲಸ, ಕಿಟಕಿ ಎಲ್ಲ ಹತ್ತಿರದಿಂದ ನೋಡಬೇಕು ಅಂದರೆ ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗಿ.

ಊರಿಗೆ ಬಂದ ಮೇಲೆ ನಮ್ಮ ಮನೆಯ ಕೆಲಸಕ್ಕೆ ಬರುವ ಆಚಾರಿಗೆ ಆ ಕಂಬದ ಫೋಟೋ ತೋರಿಸಿದೆ. ಅವರು ಫೋನು ಕೈಗೆ ತೆಗೆದುಕೊಂಡು, ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ನನ್ನ ಅಪ್ಪ ಹೀಗೆ ಕೂರಿಸುತ್ತಿದ್ದರು ಅಂದರು. ನಮ್ಮ ಜಗಲಿಗೆ ಅಲ್ಯೂಮಿನಿಯಂ, ಗಾಜು ಹಾಕಿಸುವುದು ಅಂತ ತೀರ್ಮಾನ ಆಗಿತ್ತು. ಅದನ್ನು ಬಿಡಿಸಿದೆ. ಮರದ ಜಾಲರಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಮಳೆಗಾಲದ ಒಳಗೆ ಮುಗಿಸಿಕೊಡುತ್ತೇನೆ ಅಂದಿದ್ದಾರೆ.