ಪೋಪರಿಂಗೆಯ ಟಾಲ್ಬಟ್ ಹೌಸ್: ಅಟ್ಟ ಹತ್ತದೆ ವಾಪಸಾಗಬೇಡಿ

ಬೆಲ್ಜಿಯಂನ ಈಪರ್‌ಗೆ ಮೊದಲ ಮಹಾಯುದ್ಧದ ಸ್ಮಾರಕ ನೋಡಲು ಬಂದವರು ರೈಲಿನಲ್ಲಿ ಇನ್ನೊಂದೇ ನಿಲ್ದಾಣ ಮುಂದೆ ಹೋಗಬೇಕು. ಹಳಿ ಮುಗಿಯುವ ಊರೇ ಪೋಪರಿಂಗೆ. ಬ್ರಿಟಿಷ್ ಸೇನಾ ಪಾದ್ರಿ ಫಿಲಿಪ್ 'ಟಬ್ಬಿ' ಕ್ಲೇಟನ್ 1915ರ ಡಿಸೆಂಬರ್‌ನಲ್ಲಿ ಸೈನಿಕರ ವಿಶ್ರಾಂತಿಗಾಗಿ ತೆರೆದ ಮನೆ ಅಲ್ಲಿದೆ. ಅದೇ ವರ್ಷದ ಜುಲೈನಲ್ಲಿ ಈಪರ್ ಬಳಿಯ ಹೂಗೆಯಲ್ಲಿ ಮಡಿದ ಬ್ರಿಟಿಷ್ ಸೇನಾಧಿಕಾರಿ ಗಿಲ್ಬರ್ಟ್ ಟಾಲ್ಬಟ್ ಹೆಸರನ್ನೇ ಮನೆಗೂ ಇಟ್ಟರು.

ಬಾಗಿಲ ವಿಷಯದಲ್ಲಿ ಎಡವುವವರು ಹೆಚ್ಚು. ಗಾಸ್ಟ್‌ಹೌಸ್‌ಸ್ಟ್ರಾಟ್ 43ರದ್ದು ಅತಿಥಿಗೃಹದ ಬಾಗಿಲು; ಮ್ಯೂಸಿಯಂಗೆ ಹಿಂಬದಿಯ ಪೊಟ್ಟೆಸ್ಟ್ರಾಟ್‌ನಿಂದ ಹೋಗಬೇಕು. ಮೊದಲು ಪ್ರದರ್ಶನ, ಆಮೇಲೆ ತೋಟ, ಕೊನೆಗೆ ಮನೆ. ಹಾಗಾಗಿ ಪ್ರದರ್ಶನದಲ್ಲೇ ಹೊತ್ತು ಕಳೆದು, ಮನೆಯನ್ನು ಗಡಿಬಿಡಿಯಲ್ಲಿ ಮುಗಿಸುವವರೇ ಜಾಸ್ತಿ. ಅದು ದೊಡ್ಡ ನಷ್ಟ. ಎರಡು ಗಂಟೆ ಇದ್ದರೆ ಒಂದೂವರೆ ಗಂಟೆ ಮನೆಗೇ ಇಡಿ.

ಇಲ್ಲಿ ದರ್ಜೆ ನೋಡುತ್ತಿರಲಿಲ್ಲ, ಸಿಪಾಯಿಗೂ ಜನರಲ್‌ಗೂ ಒಂದೇ ಬಾಗಿಲು. ಆದರೆ ಊಟ-ವಸತಿಗೆ ಅಧಿಕಾರಿಗಳಿಂದ ಐದು ಫ್ರಾಂಕ್ ತೆಗೆದುಕೊಳ್ಳುತ್ತಿದ್ದರು. ಉಳ್ಳವರಿಂದ ಪಡೆದು ಇಲ್ಲದವರಿಗೆ ಕೊಡುವುದು ಕ್ಲೇಟನ್ ಲೆಕ್ಕ. ಲೈಬ್ರರಿಯ ಪುಸ್ತಕಕ್ಕೆ ಸೈನಿಕನ ಟೋಪಿಯೇ ಒತ್ತೆ. ಟೋಪಿಯಿಲ್ಲದೆ ಬೀದಿಗಿಳಿಯುವಂತಿಲ್ಲವಲ್ಲ, ಪುಸ್ತಕ ವಾಪಸು ಬಂದೇ ಬರುತ್ತಿತ್ತು. ಸ್ನೇಹಿತರನ್ನು ಹುಡುಕಿ ಬರೆದ ಚೀಟಿಗಳಿಗೂ ಒಂದು ಮೂಲೆಯಿತ್ತು. ಅಲ್ಲಿ ಸ್ವಲ್ಪ ನಿಂತು ನೋಡಿ.

ಮೇಲಿನ ಅಟ್ಟ ಹಿಂದೆ ಬಿಯರ್‌ಗೆ ಬಳಸುವ ಹಾಪ್ಸ್ ಹೂ ಒಣಗಿಸುವ ಜಾಗ, ಈಗ ಪ್ರಾರ್ಥನಾ ಮಂದಿರ. ಮೆಟ್ಟಿಲು ಏಣಿಯಷ್ಟು ಕಡಿದು. ಮಂಡಿನೋವಿದ್ದವರು ಕೆಳಗೇ ಕೂರಬೇಕಾದೀತು, ದೊಡ್ಡ ಚೀಲವನ್ನಂತೂ ಕೆಳಗೇ ಬಿಡಿ. ಬಲಿಪೀಠವೆಂದು ಬಳಸಿದ್ದು ಬಡಗಿಯ ಹಳೇ ಬೆಂಚು. ಇಲ್ಲಿ ಪ್ರಸಾದ ತೆಗೆದುಕೊಂಡವರ ಹೆಸರನ್ನು ಕ್ಲೇಟನ್ ಬರೆಸಿಟ್ಟಿದ್ದರು. ಯುದ್ಧದ ನಂತರ ಬದುಕುಳಿದವರನ್ನು ಹುಡುಕಿ ಟಾಕ್ ಎಚ್ (ಸೇನಾ ಸಂಕೇತದಲ್ಲಿ ಟಿ.ಎಚ್., ಅಂದರೆ ಟಾಲ್ಬಟ್ ಹೌಸ್) ಸಂಘ ಕಟ್ಟಲು ಆ ಪಟ್ಟಿಯೇ ಆಧಾರವಾಯಿತು. ಮಡಿದವರ ನೆನಪಿಗೆ ಸಂಘದ ಸಭೆಗಳಲ್ಲಿ ಕತ್ತಲೆ ಮಾಡಿ ಎಣ್ಣೆದೀಪ ಹಚ್ಚುತ್ತಾರೆ. ಮೊದಲ ದೀಪ ಬೆಳಗಿದ್ದು 1922ರಲ್ಲಿ; ಅದರ ಮೇಲಿರುವುದು ಈಪರ್ ನಗರ ಲಾಂಛನದ ಜೋಡಿ ಶಿಲುಬೆ.

ಅಡುಗೆಮನೆಯಲ್ಲಿ ಸ್ವಯಂಸೇವಕರು ಈಗಲೂ ಚಹಾ ಕೊಡುತ್ತಾರೆ, ಬೇಡವೆನ್ನಬೇಡಿ. ರಾತ್ರಿ ಉಳಿದುಕೊಳ್ಳುವವರಿಗೆ ಒಂದು ಮಾತು: ಹಳೇ ಮನೆಯ ಕೋಣೆಗಳಿಗೆ ಸ್ನಾನಗೃಹ ಹಂಚಿಕೆಯದು, ಹೋಟೆಲಿನ ಸೌಕರ್ಯ ನಿರೀಕ್ಷಿಸಬೇಡಿ. ಮಿಕ್ಕ ಅರ್ಧ ದಿನ ಹತ್ತಿರದ ಲೈಸೆಂಥೂಕ್ ಸ್ಮಶಾನಕ್ಕಿರಲಿ. ಆಸ್ಪತ್ರೆಗೆ ತಂದ ಮೇಲೆ ಪ್ರಾಣಬಿಟ್ಟ 10,000ಕ್ಕೂ ಹೆಚ್ಚು ಸೈನಿಕರು ಅಲ್ಲಿ ಮಲಗಿದ್ದಾರೆ.