ಬದಿಯಡ್ಕದ ಏರಿಗೆ ಯಾವ ಇಲೆಕ್ಟ್ರಿಕ್ ಸ್ಕೂಟರ್?

ಪೇಟೆಗೆ ಹೋಗಿ ಬರಲು, ಡೈರಿಗೆ ಹಾಲು ಮುಟ್ಟಿಸಲು, ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಒಂದು ಇಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಳ್ಳುತ್ತೇನೆ ಎಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡ್ತದೆ?’ ನನಗೆ ಈ ಪ್ರಶ್ನೆಯಿಂದ ಏನೂ ಉಪಯೋಗ ಆಗಲಿಲ್ಲ. ನಮ್ಮ ಮನೆಯಿಂದ ಬದಿಯಡ್ಕ ಪೇಟೆಗೆ ಹೋಗಿ ಬಂದರೆ ಏಳೆಂಟು ಕಿಲೋಮೀಟರ್. ನೀರ್ಚಾಲಿಗೂ ಹೆಚ್ಚು ಕಡಿಮೆ ಅಷ್ಟೇ. ದೊಡ್ಡ ಕಂಪೆನಿಗಳ ಅತಿ ಚಿಕ್ಕ ಬ್ಯಾಟರಿಯ ಗಾಡಿಗೂ ಇದು ದೊಡ್ಡ ಓಟವೇ ಅಲ್ಲ.

ಕಾಸರಗೋಡಿನ ಒಳನಾಡಿನವರು ಕೇಳಬೇಕಾದ ಪ್ರಶ್ನೆಗಳು ಬೇರೆ. ಇಬ್ಬರನ್ನು ಕೂರಿಸಿಕೊಂಡು ಮನೆಯ ಏರು ಹತ್ತೀತಾ? ಗಾಡಿ ನಿಲ್ಲುವ ಜಾಗಕ್ಕೆ ಕರೆಂಟು ಇದೆಯಾ? ಹಾಳಾದರೆ ನೋಡುವವರು ಎಷ್ಟು ದೂರದಲ್ಲಿದ್ದಾರೆ?

ನಮ್ಮದು ಇಲ್ಲಿಯ ಎಷ್ಟೋ ಮನೆಗಳ ಹಾಗೆ ತೋಟದ ಮನೆ. ರಸ್ತೆ ಮೇಲೆ, ಮನೆ ಕೆಳಗೆ. ನಡುವೆ ಮುರಕಲ್ಲಿನ ಗುಡ್ಡೆ ಕಡಿದು ಮಾಡಿದ ದಾರಿ. ಅರ್ಧಕ್ಕೆ ಕಾಂಕ್ರೀಟು ಹಾಕಿದೆ, ಉಳಿದರ್ಧ ಮಣ್ಣು. ಮಳೆಗಾಲ ಹಿಡಿದರೆ ಕಾಂಕ್ರೀಟಿನ ಮೇಲೆ ಪಾಚಿ, ಮಣ್ಣಿನಲ್ಲಿ ನೀರು ಕೊರೆದ ಗುಂಡಿ. ನಾನು ನೋಡಿದ ಗಾಡಿಗಳನ್ನೆಲ್ಲ ಈ ದಾರಿಯಲ್ಲೇ ಓಡಿಸಿ ನೋಡಿದೆ. ಕೆಲವನ್ನು ಟೆಸ್ಟ್ ರೈಡ್‌ಗೆ ಮನೆಗೇ ತರಿಸಿಕೊಂಡೆ, ಕೆಲವನ್ನು ನೆಂಟರಿಂದ ಕೇಳಿ ತಂದೆ. ಹಿಂದೆ ಅಮ್ಮ, ಕಾಲಿನ ಹತ್ತಿರ ಹಿಂಡಿಯ ಚೀಲ. ಏರಿನ ನಟ್ಟನಡುವೆ ನಿಲ್ಲಿಸುವುದು, ಮತ್ತೆ ಹೊರಡಿಸುವುದು. ಶೋರೂಮಿನ ಎದುರಿನ ಸಪಾಟು ರಸ್ತೆಯಲ್ಲಿ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ, ಅಲ್ವಾ?

ಮೊದಲು ತಂದದ್ದು ಲೈಸೆನ್ಸ್ ಬೇಡದ ಗಾಡಿ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಮೋಟರಿನ ಶಕ್ತಿ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಕಾನೂನು ಅದನ್ನು ಮೋಟಾರು ವಾಹನ ಎಂದೇ ಎಣಿಸುವುದಿಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟು ಬೇಡ, ಇನ್ಶೂರೆನ್ಸ್ ಕಡ್ಡಾಯವಿಲ್ಲ. ಬೆಲೆಯೂ ಕಡಿಮೆ. ಸಪಾಟು ದಾರಿಯಲ್ಲಿ ಒಬ್ಬರೇ ಅಂಗಡಿ, ದೇವಸ್ಥಾನ ಎಂದು ಓಡಾಡುವುದಾದರೆ ನಡೆಯುತ್ತದೆ. ಆದರೆ ನಮ್ಮ ಏರಿನಲ್ಲಿ? ಅಮ್ಮನನ್ನು ಕೂರಿಸಿಕೊಂಡು ಅರ್ಧ ದಾರಿ ಹೋಗುವಷ್ಟರಲ್ಲಿ ಗಾಡಿ ಉಸಿರು ಬಿಟ್ಟಿತು. ‘ನೀನು ಹೋಗು, ನಾನು ನಡೆದೇ ಬರ್ತೇನೆ’ ಎಂದು ಅಮ್ಮ ಇಳಿದರು.

ಇದು ಆ ಗಾಡಿಯೊಂದರ ಕುಂದಲ್ಲ, ಲೆಕ್ಕವೇ ಹಾಗಿದೆ. ಇಬ್ಬರು ಮತ್ತು ಗಾಡಿ ಸೇರಿ 200 ಕಿಲೋ ಎಂದಿಟ್ಟುಕೊಳ್ಳಿ. ಎಂಟಡಿ ಮುಂದೆ ಹೋದರೆ ಒಂದಡಿ ಮೇಲೇರುವ ದಾರಿ. ಅಲ್ಲಿ 250 ವ್ಯಾಟ್ ಶಕ್ತಿ ಈ ಭಾರವನ್ನು ಒಂದು ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ಮೀಟರ್ ಎಳೆಯಬಲ್ಲದು. ಅಂದರೆ ನಡೆದು ಹೋಗುವವರಿಗಿಂತ ನಿಧಾನ. ‘ಸ್ಪೀಡ್ ಲಾಕ್ ತೆಗೆದುಕೊಡ್ತೇವೆ, 45 ಓಡ್ತದೆ’ ಎಂದು ಹೇಳುವ ಮಾರಾಟಗಾರರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಲಾಕ್ ತೆಗೆದ ಮೇಲೆ ಅದು ಕಾನೂನಿನ ಕಣ್ಣಿಗೆ ನೋಂದಣಿಯಿಲ್ಲದ ಮೋಟಾರು ವಾಹನ. ಯಾರಿಗಾದರೂ ತಾಗಿದರೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಇಂಥ ಗಾಡಿಗಳಲ್ಲಿ ಕೆಲವಕ್ಕೆ ಇನ್ನೂ ಹಳೇ ಲೆಡ್ ಆಸಿಡ್ ಬ್ಯಾಟರಿಯೇ ಬರುತ್ತದೆ, ಅದನ್ನೂ ಕೇಳಿ ನೋಡಿ.

ಹಾಗಾಗಿ ಲೈಸೆನ್ಸ್ ಬೇಕಾಗುವ, ಹಸಿರು ಬೋರ್ಡಿನ ಗಾಡಿಗಳ ಕಡೆಗೆ ಬಂದೆ. ಇಲ್ಲಿ ನಾನು ಓಡಿಸಿ ನೋಡಿದ್ದು ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್, ಏಥರ್ ರಿಜ್ಟಾ ಮತ್ತು ವಿಡಾ ವಿಎಕ್ಸ್2. ನಾಲ್ಕೂ ಅಮ್ಮನನ್ನು, ಹಿಂಡಿಯ ಚೀಲವನ್ನು ಕೂರಿಸಿಕೊಂಡು ಏರು ಹತ್ತಿದವು. ಅದರಲ್ಲಿ ಮಾತಿಲ್ಲ. ಹತ್ತುವ ರೀತಿಯಲ್ಲಿ ಮಾತ್ರ ವ್ಯತ್ಯಾಸವಿತ್ತು.

ಐಕ್ಯೂಬ್‌ನಲ್ಲಿ ಮೋಟರು ಹಿಂದಿನ ಚಕ್ರದೊಳಗೇ ಇದೆ. ಬೆಲ್ಟ್ ಇಲ್ಲ, ಚೈನ್ ಇಲ್ಲ. ನಾನು ನೋಡಿದ್ದು 2024ರಲ್ಲಿ ಬಂದ ಚಿಕ್ಕ ಬ್ಯಾಟರಿಯದ್ದು, 2.2 ಕಿಲೋವ್ಯಾಟ್ ಅವರ್. ಈ ಅಳತೆ ಗೊಂದಲ ಅನಿಸಿದರೆ ಕರೆಂಟು ಬಿಲ್ಲಿನ ಯೂನಿಟ್ ಎಂದು ಓದಿಕೊಳ್ಳಿ, ಎರಡೂ ಒಂದೇ. ಕಂಪೆನಿ ಹೇಳುವುದು 75 ಕಿ.ಮೀ. ನಮ್ಮ ಏರಿಳಿತದಲ್ಲಿ ಐವತ್ತು ಚಿಲ್ಲರೆ ಎಂದು ಲೆಕ್ಕ ಇಟ್ಟುಕೊಂಡೆ. ಅಷ್ಟೇ ಆದರೂ ವಾರದ ಬಹುಪಾಲು ನಡೆಯುತ್ತದೆ. ಏರಿನ ನಡುವೆ ನಿಲ್ಲಿಸಿ ಆಕ್ಸಿಲರೇಟರ್ ನಿಧಾನವಾಗಿ ತಿರುಗಿಸಿದರೆ ಜರ್ಕ್ ಹೊಡೆಯದೆ ಮೆಲ್ಲಗೆ ಹೊರಡುತ್ತದೆ. ಪಾಚಿಯ ಮೇಲೆ ಇದು ದೊಡ್ಡ ಗುಣ. ಒಮ್ಮೆಲೇ ಎಳೆಯುವ ಗಾಡಿಯ ಹಿಂದಿನ ಚಕ್ರ ಅಲ್ಲಿ ನಿಂತಲ್ಲೇ ತಿರುಗುತ್ತದೆ. 115 ಕಿಲೋ ಭಾರ. ಅಂಗಳದಲ್ಲಿ ತಿರುಗಿಸಲು ರಿವರ್ಸ್ ಇದೆ. ಸಣ್ಣ ಬ್ಯಾಟರಿಯಾದ್ದರಿಂದ ಸೊನ್ನೆಯಿಂದ 80 ಶೇಕಡಾ ತುಂಬಲು ಎರಡೇ ಗಂಟೆ ಸಾಕು. ಪದೇಪದೇ ಕರೆಂಟು ಹೋಗುವ ಮಳೆಗಾಲದಲ್ಲಿ ಈ ಎರಡು ಗಂಟೆಯ ಬೆಲೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಚೇತಕ್ ಎಂದರೆ ನಮ್ಮ ಮನೆಯಲ್ಲಿ ಬೇರೆಯೇ ಪ್ರೀತಿ. 1972ರಲ್ಲಿ ಬಂದ ಹಳೇ ಚೇತಕ್ ಮಾವನ ಹತ್ತಿರ ಇತ್ತು, ಬೆಳಿಗ್ಗೆ ಓರೆ ಮಾಡಿ ಸ್ಟಾರ್ಟ್ ಮಾಡುತ್ತಿದ್ದರು. 2020ರಿಂದ ಅದೇ ಹೆಸರಿನಲ್ಲಿ ಇಲೆಕ್ಟ್ರಿಕ್ ಗಾಡಿ ಬರುತ್ತಿದೆ. ಈಗಲೂ ಲೋಹದ ಮೈ. ತೋಟದ ದಾರಿಯಲ್ಲಿ ಅಡಿಕೆ ಮರಕ್ಕೆ ಸವರಿದರೂ ಪ್ಲಾಸ್ಟಿಕ್ಕಿನ ಹಾಗೆ ಸೀಳುವುದಿಲ್ಲ. ನಾನು ಓಡಿಸಿದ ಮಾದರಿಯ ಗರಿಷ್ಠ ವೇಗ 63 ಕಿ.ಮೀ. ಕುಂಬಳೆ–ಮುಳ್ಳೇರಿಯ ರಸ್ತೆಗೆ ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ರಸ್ತೆಯಲ್ಲಿ ಗಟ್ಟಿಯಾಗಿ ಕೂತು ಓಡುತ್ತದೆ. ಗಾಡಿ ಹತ್ತು ವರ್ಷ ಮನೆಯಲ್ಲಿರಬೇಕು, ನೋಟವೂ ಹಾಳಾಗಬಾರದು ಎನ್ನುವವರು ಇದನ್ನು ಓಡಿಸಿ ನೋಡಲೇಬೇಕು.

ಅಮ್ಮನ ವೋಟು ಮಾತ್ರ ರಿಜ್ಟಾಕ್ಕೆ. 2024ರ ಏಪ್ರಿಲ್‌ನಲ್ಲಿ ಬಂದ ಗಾಡಿ. ಸೀಟು 900 ಮಿಲಿಮೀಟರ್ ಉದ್ದ. ಈ ಅಂಕಿಯನ್ನು ಕಾಗದದಲ್ಲಿ ಓದಿದಾಗ ನನಗೆ ಏನೂ ಅನಿಸಿರಲಿಲ್ಲ. ಅಮ್ಮ ಕೂತ ಮೇಲೆ ಅರ್ಥವಾಯಿತು. ಅವರು ಮಂಡಿನೋವಿನವರು, ಸೀರೆಯಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂರುವವರು. ಬೇರೆ ಗಾಡಿಯಲ್ಲಿ ಏರು ಹತ್ತುವಾಗ ನನ್ನ ಭುಜ ಗಟ್ಟಿ ಹಿಡಿಯುತ್ತಿದ್ದರು. ಇದರಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಮಾತಾಡುತ್ತ ಕೂತರು. ಸೀಟಿನ ಅಡಿಯಲ್ಲಿ 34 ಲೀಟರ್ ಜಾಗ, ಬೇಕಾದರೆ ಮುಂದೆ 22 ಲೀಟರಿನದ್ದನ್ನು ಸೇರಿಸಿಕೊಳ್ಳಬಹುದು. ಏರಿನಲ್ಲಿ ನಿಂತಾಗ ಹಿಂದಕ್ಕೆ ಜಾರದಂತೆ ಗಾಡಿ ತಾನೇ ಹಿಡಿದು ನಿಲ್ಲುವ ವ್ಯವಸ್ಥೆಯೂ ಇದೆ. ದಿನಾ ಇಬ್ಬರು ಹೋಗುವ ಮನೆಗೆ, ಮಗುವನ್ನು ಶಾಲೆಗೆ ಬಿಡುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಇದರ ಅತಿ ಚಿಕ್ಕ ಬ್ಯಾಟರಿ 2.9 ಯೂನಿಟಿನದ್ದು. ನನ್ನ ಓಡಾಟಕ್ಕೆ ಅಷ್ಟು ಬೇಡ, ಬೇಡದ ಬ್ಯಾಟರಿಗೂ ದುಡ್ಡು ಕೊಡಬೇಕಲ್ಲ ಎಂಬುದೊಂದೇ ನನ್ನನ್ನು ತಡೆದದ್ದು.

ವಿಡಾ ವಿಎಕ್ಸ್2 2025ರ ಜುಲೈಯಲ್ಲಿ ಬಂದದ್ದು. ಇದರ ವಿಶೇಷ ಬ್ಯಾಟರಿಯನ್ನು ಗಾಡಿಯಿಂದ ತೆಗೆದು ಮನೆಯೊಳಗೆ ಒಯ್ಯಬಹುದು ಎಂಬುದು. ಮೊದಲು ಬಂದ ಗೋ ಎಂಬ ಮಾದರಿಯಲ್ಲಿ 2.2 ಯೂನಿಟಿನ ಒಂದು ಬ್ಯಾಟರಿ, ಪ್ಲಸ್‌ನಲ್ಲಿ ಎರಡು ಬ್ಯಾಟರಿ ಸೇರಿ 3.4 ಯೂನಿಟ್. ಪೇಟೆಯ ಫ್ಲ್ಯಾಟಿನವರಿಗೆಂದೇ ಮಾಡಿದ್ದಿರಬೇಕು ಎಂದುಕೊಂಡಿದ್ದೆ. ನಿಜವಾಗಿ ನೋಡಿದರೆ ನಮ್ಮ ಗುಡ್ಡೆಯ ಮನೆಗಳಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. ಇಲ್ಲಿ ಎಷ್ಟೋ ಮನೆಗಳಿಗೆ ಗಾಡಿ ಇಳಿಯುವ ದಾರಿಯೇ ಇಲ್ಲ, ಮೆಟ್ಟಿಲು ಮಾತ್ರ. ಗಾಡಿ ಮೇಲೆ ರಸ್ತೆ ಬದಿಯ ಶೆಡ್ಡಿನಲ್ಲಿ ನಿಲ್ಲುತ್ತದೆ, ಅಲ್ಲಿಗೆ ಕರೆಂಟು ಇರುವುದಿಲ್ಲ. ಅಂಥವರು ಬ್ಯಾಟರಿಯನ್ನೇ ಮನೆಗೆ ತಂದು ಚಾರ್ಜಿಗೆ ಹಾಕಬಹುದು. ಆದರೆ ಒಂದು ಬ್ಯಾಟರಿ ಹತ್ತು ಕಿಲೋಗೂ ಮೇಲೆ ಭಾರವಿದೆ. ಮಳೆಯಲ್ಲಿ ಕೊಡೆ ಹಿಡಿದು ಮೆಟ್ಟಿಲಿಳಿಯುತ್ತ ಹೊರುವವರು ಯಾರು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ನಾನು ಹೊರಬಲ್ಲೆ, ಅಮ್ಮನಿಂದ ಸಾಧ್ಯವಿಲ್ಲ.

ಬ್ಯಾಟರಿ ತೆಗೆಯಬಹುದು ಎಂದ ಕೂಡಲೇ ಕೆಲವರು ಹೋಂಡಾ ಆಕ್ಟಿವಾದ ಇಲೆಕ್ಟ್ರಿಕ್ ಮಾದರಿಯ ಹೆಸರು ಹೇಳುತ್ತಾರೆ. ಅದು ಬೇರೆ. ಅದರ ಬ್ಯಾಟರಿಯನ್ನು ಕಂಪೆನಿಯ ಕೇಂದ್ರದಲ್ಲಿ ಬದಲಾಯಿಸಿಕೊಳ್ಳಬೇಕು, ಮನೆಯಲ್ಲಿ ಚಾರ್ಜ್ ಮಾಡಲು ಬರುವುದಿಲ್ಲ. ಬೆಂಗಳೂರಿಗೆ ಸರಿ, ಬದಿಯಡ್ಕಕ್ಕೆ ಆಗದು.

ಮಳೆಯ ಬಗ್ಗೆ ಎಲ್ಲರಿಗೂ ಭಯ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಜಿಲ್ಲೆ ನಮ್ಮದು, ಭಯ ಸಹಜ. ಬ್ಯಾಟರಿಗೆ ಐಪಿ67 ಎಂಬ ಗುರುತು ಇದೆಯಾ ನೋಡಿಕೊಳ್ಳಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಎಂಬ ಪರೀಕ್ಷೆ ಅದು. ಹಾಗೆಂದು ತೋಡು ಉಕ್ಕಿದಾಗ ಗಾಡಿ ಇಳಿಸಬೇಡಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು 2023ರ ಏಪ್ರಿಲ್‌ ನಂತರ ತಯಾರಾದದ್ದನ್ನೇ ಹುಡುಕುವುದು ಒಳ್ಳೆಯದು. ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮದ ಬಿಗಿ ಪರೀಕ್ಷೆಗಳು ಪೂರ್ತಿಯಾಗಿ ಜಾರಿಗೆ ಬಂದದ್ದು ಆ ಹೊತ್ತಿಗೆ. ನನಗೆ ಮಳೆಗಿಂತ ಹೆಚ್ಚು ಚಿಂತೆ ಸಿಡಿಲಿನದ್ದು. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಟಿವಿಯ ಪ್ಲಗ್ ತೆಗೆಯುತ್ತೇವಲ್ಲ, ಚಾರ್ಜರಿನದ್ದನ್ನೂ ತೆಗೆಯಬೇಕು.

ಇಳಿಜಾರಿನ ಒಂದು ವಿಷಯ ಹೇಳಿಬಿಡುತ್ತೇನೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಈ ಗಾಡಿಗಳಲ್ಲಿ ಮೋಟರೇ ಚಕ್ರವನ್ನು ತಡೆಯುತ್ತದೆ, ಸ್ವಲ್ಪ ಕರೆಂಟು ಬ್ಯಾಟರಿಗೆ ಮರಳುತ್ತದೆ. ಇಳಿಯುವಾಗ ಇದು ಎಷ್ಟು ಧೈರ್ಯ ಕೊಡುತ್ತದೆಂದರೆ ಬ್ರೇಕಿನ ಮೇಲೆ ಕೈ ಇದ್ದರೂ ಒತ್ತುವ ಕೆಲಸ ಕಡಿಮೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದಾಗ ಮರಳಿ ಬರುವ ಕರೆಂಟಿಗೆ ಜಾಗವಿಲ್ಲ, ತಡೆಯುವುದೂ ಕಡಿಮೆಯಾಗುತ್ತದೆ. ಗುಡ್ಡೆಯ ಮೇಲೆ ಮನೆಯಿದ್ದು ಬೆಳಿಗ್ಗೆ ಮೊದಲು ಇಳಿಯುವವರು ನೂರು ಶೇಕಡಾ ತುಂಬಿಸದೆ ಎಂಬತ್ತು ತೊಂಬತ್ತಕ್ಕೆ ನಿಲ್ಲಿಸಿದರೆ ಒಳ್ಳೆಯದು. ಬ್ಯಾಟರಿಯ ಆಯುಷ್ಯಕ್ಕೂ ಅದೇ ಹಿತ.

ಕರೆಂಟಿನ ಖರ್ಚು ದೊಡ್ಡದಲ್ಲ. ನನ್ನ ಓಡಾಟಕ್ಕೆ ತಿಂಗಳಿಗೆ ಹದಿನೈದು ಯೂನಿಟ್ ಆಸುಪಾಸು. ಆದರೂ ಕೆಎಸ್ಇಬಿ, ಅಂದರೆ ಕೇರಳದ ವಿದ್ಯುತ್ ಮಂಡಳಿಯ, ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ತಿಂಗಳಿಗೆ 250 ಯೂನಿಟ್ ತನಕ ಹಂತಹಂತವಾಗಿ ದರ. ಅದನ್ನು ದಾಟಿದರೆ ಪೂರ್ತಿ ಬಳಕೆಗೆ ಮೊದಲ ಯೂನಿಟಿನಿಂದಲೇ ಹೆಚ್ಚಿನ ದರ. ಎರಡು ತಿಂಗಳ ಬಿಲ್ಲಿನಲ್ಲಿ 480, 490 ಎಂದು ಬರುತ್ತಿರುವ ಮನೆಗೆ ಸ್ಕೂಟರಿನ ಮೂವತ್ತು ಯೂನಿಟ್ ಸೇರಿದರೆ ಬಿಲ್ಲು ಒಮ್ಮೆಲೇ ಹಾರುತ್ತದೆ. ಇನ್ನೊಂದು ಆಸೆ ಪಂಪಿನ ಶೆಡ್ಡಿನದ್ದು. ರಸ್ತೆಗೆ ಹತ್ತಿರ ಇದೆ, ಅಲ್ಲೇ ಚಾರ್ಜಿಗೆ ಹಾಕಿದರಾಯಿತು ಎಂದು ನಮ್ಮಲ್ಲೂ ಮಾತು ಬಂತು. ಕೃಷಿ ಕನೆಕ್ಷನ್ನಿನ ಕರೆಂಟನ್ನು ಹಾಗೆ ಬಳಸುವಂತಿಲ್ಲ, ಸಿಕ್ಕಿಬಿದ್ದರೆ ದಂಡ. ದಾರಿಯಲ್ಲಿ ಚಾರ್ಜ್ ಬೇಕಾದವರಿಗೆ ಕೆಎಸ್ಇಬಿಯವರು ದ್ವಿಚಕ್ರ ವಾಹನ, ಆಟೋಗಳಿಗೆಂದು ಕಂಬಗಳಲ್ಲೇ ಚಾರ್ಜಿಂಗ್ ಪಾಯಿಂಟ್ ಇಟ್ಟಿದ್ದಾರೆ. ಹತ್ತಿರದ ಓಡಾಟಕ್ಕೆ ಅದು ಬೇಕಾಗುವುದಿಲ್ಲ.

ಇನ್ನು ಸರ್ವಿಸ್. ಒಂದು ಶೋರೂಮಿನಲ್ಲಿ ‘ರಿಪೇರಿಯವರು ವಾರಕ್ಕೊಮ್ಮೆ ಬರ್ತಾರೆ’ ಎಂದರು. ಅಲ್ಲಿಂದ ಎದ್ದು ಬಂದೆ. ಗಾಡಿಯೊಳಗೆ ಇರುವುದು ಅರ್ಧ ಕಂಪ್ಯೂಟರು. ನಮ್ಮ ಪೇಟೆಯ ಮೆಕ್ಯಾನಿಕ್ ಅಣ್ಣ ಎಷ್ಟು ಜಾಣರಾದರೂ ಕಂಪೆನಿಯ ಯಂತ್ರವಿಲ್ಲದೆ ಅದನ್ನು ಬಿಚ್ಚಿ ನೋಡಲಾರರು. ಮಂಗಳೂರಿನಲ್ಲಿ ಎಲ್ಲ ಕಂಪೆನಿಯವರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಿ ವ್ಯಾಪಾರ ಮಾಡಬಹುದು ಎಂಬ ಆಕರ್ಷಣೆ ನನಗೂ ಇತ್ತು. ಆದರೆ ಐವತ್ತು ಕಿಲೋಮೀಟರ್ ಓಡುವ ಗಾಡಿಯನ್ನು ಅಷ್ಟೇ ದೂರದ ಮಂಗಳೂರಿಗೆ ಸರ್ವಿಸಿಗೆ ಒಯ್ಯುವುದು ಹೇಗೆ? ಹೋಗಿ ಮುಟ್ಟಿದರೂ ಮರಳುವ ದಾರಿಗೆ ಚಾರ್ಜ್ ಇರುವುದಿಲ್ಲ. ಅಲ್ಲಿಂದ ತಂದರೂ ಕೆಎಲ್ 14ಕ್ಕೆ, ಅಂದರೆ ಕಾಸರಗೋಡಿನ ನಂಬರಿಗೆ, ನೋಂದಣಿ ಮಾಡಿಸುವ ಕೆಲಸ ಬೇರೆ. ಕಾಸರಗೋಡಿನಲ್ಲೇ ಖರೀದಿಸುವುದು ಎಂದು ಅಲ್ಲಿಗೆ ತೀರ್ಮಾನಿಸಿದೆ.

ನಾನು ಆರಿಸಿದ್ದು ಐಕ್ಯೂಬ್ 2.2. ಒಬ್ಬರೇ ಹೆಚ್ಚು ಓಡಾಡುವ ಮನೆ ನಮ್ಮದು, ಅಮ್ಮ ಹಿಂದೆ ಕೂರುವುದು ಯಾವಾಗಲೋ ಒಮ್ಮೆ. ಪಾಚಿಯ ಏರಿನಲ್ಲಿ ಅದು ಮೆಲ್ಲಗೆ ಹೊರಟ ರೀತಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಸೀಟು ಇನ್ನೊಂದು ಗೇಣು ಉದ್ದ ಇದ್ದಿದ್ದರೆ ಎಂದು ಅಮ್ಮ ಈಗಲೂ ಹೇಳುತ್ತಾರೆ, ಅವರ ಮಾತು ನ್ಯಾಯವೇ. ಗಾಡಿ ಬುಕ್ ಮಾಡುವ ಮೊದಲು ಎಲೆಕ್ಟ್ರಿಶಿಯನ್ ಕರೆಸಿ ಅಂಗಳದ ಚಾವಡಿಗೆ ಮೂರು ಪಿನ್ನಿನ ಪವರ್ ಪ್ಲಗ್ ಹಾಕಿಸಿದೆವು. ಅರ್ತಿಂಗ್ ನೋಡಿದರೆ ತೀರಾ ಸೋತಿತ್ತು. ಅದು ಸರಿಯಿಲ್ಲದಿದ್ದರೆ ಚಾರ್ಜರ್ ಕೆಲಸ ಮಾಡದೆ ಇರಬಹುದು. ಹೊಸ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ, ಹೊಸ ಪೈಪು ಇಳಿಸಿಯಾಯಿತು. ನೀವೂ ಈ ಕೆಲಸವನ್ನು ಗಾಡಿ ಬರುವ ಮೊದಲೇ ಮುಗಿಸಿಕೊಳ್ಳಿ.